ಬಿಡುಗಡೆಯ ಮರುದಿನ

ಸೆರೆಮನೆಯ ಬಾಗಿಲು ತೆರೆಯುವಲ್ಲಿಗೆ ಕಥೆ ಮುಗಿಯುವುದು ವಾಡಿಕೆ. ನಿರಪರಾಧಿಯಾದ ಮಗ ಹೊರಗೆ ಬರುತ್ತಾನೆ. ಮುಪ್ಪಡರಿದ ತಾಯಿ ಓಡಿಬಂದು ಅಪ್ಪಿಕೊಳ್ಳುತ್ತಾಳೆ. ಖಳನ ಕೈಗೆ ಕೋಳ ಬೀಳುತ್ತದೆ. ತೆರೆಯ ಮೇಲೆ 'ಶುಭಂ' ಎಂಬ ಅಕ್ಷರಗಳು ಮೂಡುವಷ್ಟರಲ್ಲಿ ಪ್ರೇಕ್ಷಕರು ಕಾಲಡಿಯ ಚಪ್ಪಲಿಗಳನ್ನು ಹುಡುಕತೊಡಗಿರುತ್ತಾರೆ. ಮರುದಿನ ಬೆಳಗ್ಗೆ ಆ ಮಗ ಎಷ್ಟು ಗಂಟೆಗೆ ಎದ್ದನು, ಎದ್ದವನು ಕೋಣೆಯ ಬಾಗಿಲನ್ನು ತಾನೇ ತೆರೆದನೋ ಅಥವಾ ಯಾರಾದರೂ ಬಂದು ತೆರೆಯಲೆಂದು ಅಭ್ಯಾಸಬಲದಿಂದ ಕಾಯುತ್ತ ಕುಳಿತನೋ, ಅವನಿಗೆ ಕಾಫಿ ಕೊಡುವಾಗ ಮನೆಯವರ ಕೈ ನಡುಗಿತೋ ಎಂದು ವಿಚಾರಿಸುವ ಗೋಜಿಗೆ ಯಾವ ಚಿತ್ರಕಥೆಗಾರನೂ ಹೋಗುವುದಿಲ್ಲ.

ಅಮೆರಿಕದ 'ರೆಕ್ಟಿಫೈ' ಎಂಬ ಧಾರಾವಾಹಿ ಆರಂಭವಾಗುವುದು ಸರಿಯಾಗಿ ಆ ಜಾಗದಲ್ಲಿ. ರೆಕ್ಟಿಫೈ ಎಂದರೆ ತಿದ್ದು, ಸರಿಪಡಿಸು ಎಂದರ್ಥ. ಯಾರು ಯಾವುದನ್ನು ತಿದ್ದಬೇಕು, 19 ವರ್ಷಗಳು ಕಳೆದ ಮೇಲೆ ತಿದ್ದುವುದಕ್ಕೆ ಉಳಿದಿರುವುದಾದರೂ ಏನು ಎಂಬ ಪ್ರಶ್ನೆಯನ್ನು ಅದು 30 ಕಂತುಗಳುದ್ದಕ್ಕೂ, ಸ್ವಲ್ಪವೂ ಆತುರಪಡದೆ, ಕೇಳುತ್ತ ಹೋಗುತ್ತದೆ. 2013ರ ಏಪ್ರಿಲ್ ತಿಂಗಳಿನಲ್ಲಿ ಮೊದಲ ಕಂತು ಪ್ರಸಾರವಾಯಿತು. 2016ರ ಡಿಸೆಂಬರಿನಲ್ಲಿ ಕೊನೆಯದು. ಒಟ್ಟು ನಾಲ್ಕು ಭಾಗಗಳು. ಇದನ್ನು ರೂಪಿಸಿದ ರೇ ಮೆಕಿನ್ನನ್ ಅವರು ಕಥೆ ನಡೆಯುವ ಜಾರ್ಜಿಯ ರಾಜ್ಯದವರೇ, ವೃತ್ತಿಯಿಂದ ನಟರು, 'ದಿ ಅಕೌಂಟೆಂಟ್' ಎಂಬ ಕಿರುಚಿತ್ರಕ್ಕಾಗಿ 2002ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆದವರು. ಸನ್‌ಡಾನ್ಸ್ ಎಂಬ ಚಿಕ್ಕ ವಾಹಿನಿಯೊಂದು ಸ್ವಂತ ಬಂಡವಾಳದಿಂದ ಮಾಡಿಸಿದ ಮೊದಲ ಕಥಾಮಾಲಿಕೆ ಇದು. ವಿಮರ್ಶಕರು ಕೊಂಡಾಡಿದರು, ಪೀಬಾಡಿ ಪ್ರಶಸ್ತಿಯೂ ಬಂದಿತು. ಆದರೆ ಜನ ನೋಡಲಿಲ್ಲ, ದೂರದರ್ಶನದ ಆಸ್ಕರ್ ಎನಿಸಿದ ಎಮ್ಮಿ ಬರಲಿಲ್ಲ. ಆಮೇಲೆ ಚಂದಾ ತೆತ್ತು ಮನೆಯಲ್ಲೇ ನೋಡುವ ಸ್ಟ್ರೀಮಿಂಗ್ ವೇದಿಕೆಗಳಿಗೆ ಇದು ಬಂದಾಗಲೂ ಕೊಲೆ, ಪಿತೂರಿ, ಅರಮನೆಗಳ ಜಗಮಗಿಸುವ ಚಿತ್ರಗಳ ನಡುವೆ ಒಂದು ಮೂಲೆಯಲ್ಲಿ ಕುಳಿತುಕೊಂಡಿತು. ಹುಡುಕಿದವರಿಗೆ ಮಾತ್ರ ಸಿಕ್ಕುವಂಥ ವಸ್ತುವಾಯಿತು.

ಕಥೆ ಹೀಗಿದೆ. ಜಾರ್ಜಿಯದ ಪಾಲಿ ಎಂಬ ಸಣ್ಣ ಊರು. ಊರು ಕಲ್ಪಿತವಾದರೂ ಚಿತ್ರೀಕರಣ ನಡೆದದ್ದು ಅದೇ ರಾಜ್ಯದ ಗ್ರಿಫಿನ್ ಎಂಬಲ್ಲಿ. ಆದ್ದರಿಂದ ಬೀದಿ, ಮರ, ಬಿಸಿಲು ಎಲ್ಲವೂ ನಿಜವಾದವು. ಆ ಊರಿನ ಹದಿನೆಂಟರ ಹುಡುಗ ಡೇನಿಯಲ್ ಹೋಲ್ಡನ್. ಹಾನಾ ಡೀನ್ ಎಂಬ ಹದಿನಾರರ ಹುಡುಗಿಯ ಮೇಲೆ ಅತ್ಯಾಚಾರವೆಸಗಿ ಕೊಂದನೆಂಬ ಆರೋಪದ ಮೇಲೆ ಅವನನ್ನು ಹಿಡಿದರು. ಪೋಲೀಸರ ಮುಂದೆ ಅವನು ತಪ್ಪೊಪ್ಪಿಕೊಂಡನು. ಮರಣದಂಡನೆಯಾಯಿತು. ಆದರೆ ಶಿಕ್ಷೆ ಜಾರಿಯಾಗುವುದು ಮುಂದೆ ಮುಂದೆ ಹೋಗಿ, ಕಿಟಕಿಯಿಲ್ಲದ ಬಿಳಿಯ ಕೋಣೆಯೊಂದರಲ್ಲಿ 19 ವರ್ಷಗಳನ್ನು ಅವನು ಕಳೆದನು. ಕಡೆಗೆ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶ ಅವನಿಗೆ ತಾಳೆಯಾಗದೆ ಹೋದುದರಿಂದ ನ್ಯಾಯಾಲಯವು ಹಿಂದಿನ ತೀರ್ಪನ್ನು ರದ್ದುಪಡಿಸಿತು. ಇಲ್ಲೊಂದು ಸೂಕ್ಷ್ಮವಿದೆ, ಇಡೀ ಕಥೆ ನಿಂತಿರುವುದು ಅದರ ಮೇಲೆಯೇ. ತೀರ್ಪು ರದ್ದಾಯಿತೇ ಹೊರತು ಅವನು ನಿರಪರಾಧಿಯೆಂದು ಯಾರೂ ಸಾರಲಿಲ್ಲ. ಸರಕಾರ ಮನಸ್ಸು ಮಾಡಿದರೆ ಮೊಕದ್ದಮೆಯನ್ನು ಮತ್ತೆ ಹೂಡಬಹುದು. ಡೇನಿಯಲ್ ಮನೆಗೆ ಬರುವುದು ಖುಲಾಸೆಯಾದವನಾಗಿ ಅಲ್ಲ, ಎರಡು ತೀರ್ಪುಗಳ ನಡುವಿನ ಬಿಡುವಿನಲ್ಲಿ ಬಂದ ಅತಿಥಿಯಂತೆ.

ಮೊದಲ ಭಾಗದ ಆರು ಕಂತುಗಳಲ್ಲಿ ಕಳೆಯುವುದು ಒಂದು ವಾರಕ್ಕೂ ಮೀರದ ಅವಧಿ. ಕೆಲವರಿಗೆ ಇದು ಸಹನೆಯ ಪರೀಕ್ಷೆ ಎನಿಸಬಹುದು. ಬಿಡುಗಡೆಯ ಹೊತ್ತಿನಲ್ಲಿ ಪತ್ರಿಕೆಯವರ ಮುಂದೆ ನಿಂತ ಡೇನಿಯಲ್ ಆನಂದಬಾಷ್ಪ ಸುರಿಸುವುದಿಲ್ಲ, ದೇವರಿಗೆ ಕೃತಜ್ಞತೆ ಹೇಳುವುದಿಲ್ಲ. ಇಂಥ ದಿನ ಬಂದೀತೆಂದು ತಾನು ಸಿದ್ಧನಾಗಿರಲಿಲ್ಲ, ಆಸೆ ಇಟ್ಟುಕೊಳ್ಳುವುದರಿಂದ ತಾನಿದ್ದ ಲೋಕದಲ್ಲಿ ಯಾವ ಪ್ರಯೋಜನವೂ ಇರಲಿಲ್ಲ, ಈಗ ಆ ನಂಬಿಕೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕಾಗಿ ಬಂದಿದೆ ಎಂಬರ್ಥದ ಮಾತುಗಳನ್ನು, ತರ್ಕಶಾಸ್ತ್ರದ ಪಾಠ ಒಪ್ಪಿಸುವ ವಿದ್ಯಾರ್ಥಿಯಂತೆ, ನಿಧಾನವಾಗಿ ಆಡುತ್ತಾನೆ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಿರಪರಾಧಿಯಾದವನು ಹೀಗೆ ಮಾತನಾಡುತ್ತಾನೆಯೇ? ಅಳಬೇಕಲ್ಲವೇ? ಅಲ್ಲಿಂದಲೇ ಊರಿನ ಸಂದೇಹ ಹೊಸದಾಗಿ ಮೊಳೆಯುತ್ತದೆ. ಪ್ರೇಕ್ಷಕನ ಸಂದೇಹವೂ ಅದರ ಜೊತೆಗೇ.

ಮನೆಗೆ ಬಂದ ಮೇಲೆ ಅವನು ಮಾಡುವ ಕೆಲಸಗಳೆಲ್ಲ ಬಹಳ ಸಣ್ಣವು. ಅಟ್ಟ ಹತ್ತಿ ತನ್ನ ಹದಿಹರೆಯದ ವಸ್ತುಗಳನ್ನು ಕೆದಕುತ್ತಾನೆ, ಹಳೆಯ ಕ್ಯಾಸೆಟ್ಟು ಹಾಕಿ ಕೇಳುತ್ತಾನೆ. ಯಾವುದಾದರೂ ವಸ್ತುವನ್ನು ಕೈಗೆತ್ತಿಕೊಂಡರೆ ಅದರ ನುಣುಪನ್ನೋ ಒರಟನ್ನೋ ಬೆರಳ ತುದಿಯಿಂದ ಅರಿಯುತ್ತ ಎಷ್ಟೋ ಹೊತ್ತು ನಿಂತುಬಿಡುತ್ತಾನೆ. ಹದಿನೆಂಟಕ್ಕೆ ಒಳಗೆ ಹೋಗಿ ಮೂವತ್ತೇಳಕ್ಕೆ ಹೊರಗೆ ಬಂದವನಲ್ಲಿ ನಡುವಿನ ಯೌವನವೆಂಬುದೇ ಇಲ್ಲ. ಒಮ್ಮೆ ಅವನು ಚಿಕ್ಕ ಹುಡುಗ, ಮರುಕ್ಷಣ ಮುದುಕ. ಈ ಪಾತ್ರವನ್ನು ವಹಿಸಿದ ಏಡನ್ ಯಂಗ್ ಅವರು ಕೆನಡಾದಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಹೆಸರು ಮಾಡಿದ ನಟರು. ಅಮೆರಿಕದ ದಕ್ಷಿಣ ಪ್ರಾಂತದ ಎಳೆದೆಳೆದು ಆಡುವ ನುಡಿಯನ್ನು ಅವರು ಹೇಗೆ ಮೈಗೂಡಿಸಿಕೊಂಡರೋ! ಸುಮ್ಮನೆ ಕುಳಿತಿರುವಾಗ ಅವರು ತೋರುವ ಅಭಿನಯವನ್ನು ಬೇರೆ ನಟರು ಮಾತಿನಲ್ಲಿ ತೋರಲಾರರು.

ಆದರೆ ಕಥೆ ಡೇನಿಯಲ್ ಒಬ್ಬನದೇ ಅಲ್ಲ. ಸೆರೆಯಲ್ಲಿದ್ದವನು ಒಬ್ಬ, ಕಾದವರು ಹಲವರು. ಕಾದವರ ಆಯುಷ್ಯವೂ ಅಷ್ಟೇ ಕಳೆದುಹೋಗಿದೆ. ತಂಗಿ ಅಮಾಂತಾ ಅಣ್ಣನ ಬಿಡುಗಡೆಗಾಗಿ ವಕೀಲರ ಬಾಗಿಲುಗಳನ್ನು ತಟ್ಟುವುದರಲ್ಲಿಯೇ ತನ್ನ ಪ್ರಾಯವನ್ನು ಸವೆಸಿದ್ದಾಳೆ. ಬಿಡುಗಡೆಯಾದ ಮೇಲೆ ಅವಳಿಗೆ ಮಾಡಲು ಕೆಲಸವೇ ಇಲ್ಲ! ಹೋರಾಟವೇ ಉಸಿರಾಗಿದ್ದವಳು ಕಡೆಗೆ ಊರಿನ ಅಗ್ಗದ ಅಂಗಡಿಯೊಂದರಲ್ಲಿ ನೌಕರಿಗೆ ಸೇರಿ, ಸಮವಸ್ತ್ರ ತೊಟ್ಟು ನಿಲ್ಲುವ ದೃಶ್ಯಗಳು ನಗು ತರಿಸುವಂತಿವೆ; ಜೊತೆಗೇ ಎದೆಯನ್ನು ಹಿಂಡುತ್ತವೆ. ತಾಯಿ ಜಾನೆಟ್ ಮೊದಲ ಗಂಡ ತೀರಿಕೊಂಡ ಮೇಲೆ ಮರುಮದುವೆಯಾಗಿದ್ದಾಳೆ. ಹೀಗಾಗಿ ಡೇನಿಯಲ್ ಮರಳಿ ಬಂದ ಮನೆಯಲ್ಲಿ ಮಲತಂದೆಯಿದ್ದಾನೆ, ಮಲತಂದೆಯ ಮಗ ಟೆಡಿ ಇದ್ದಾನೆ, ಟೆಡಿಯ ಹೆಂಡತಿ ಟಾನಿ ಇದ್ದಾಳೆ. ಇವನು ಸೆರೆಯಲ್ಲಿದ್ದಾಗ ಹುಟ್ಟಿ ಬೆಳೆದ ತಮ್ಮ ಜ್ಯಾರೆಡ್ ಇದ್ದಾನೆ. ಅಪ್ಪನ ಟೈರ್ ಅಂಗಡಿಯನ್ನು ಈಗ ನಡೆಸುತ್ತಿರುವವರು ಇವರು. ಅವಿಭಕ್ತ ಕುಟುಂಬದ ಒಳಹೊರಗನ್ನು ಬಲ್ಲ ವಾಚಕರಿಗೆ ಇಲ್ಲಿ ವಿವರಣೆ ಬೇಕಾಗಲಾರದು. ಸತ್ತನೆಂದು ಲೆಕ್ಕ ಹಾಕಿಬಿಟ್ಟಿದ್ದ ಹಿರಿಯ ಮಗ ಬಾಗಿಲಲ್ಲಿ ನಿಂತರೆ ಊಟದ ಮೇಜಿನ ಸುತ್ತಲಿನ ಕುರ್ಚಿಗಳೆಲ್ಲ ಒಂದೊಂದು ಗೇಣು ಸರಿಯಬೇಕಾಗುತ್ತದೆ.

ಕುರ್ಚಿ ಸರಿಸಲೊಲ್ಲದವನು ಟೆಡಿ. ಮೊದಲು ಅವನನ್ನು ಕಂಡಾಗ ಇವನೇ ಕಥೆಯ ದುಷ್ಟನೆಂದು ತೋರುತ್ತದೆ. ವಕ್ರವಾದ ನಗು, ಚುಚ್ಚುಮಾತು, ಹೆಂಡತಿಯ ಮೇಲೆ ಹಿಡಿತ. ಸೆರೆಮನೆಯಲ್ಲಿ ಏನೇನು ನಡೆಯಿತೆಂದು ಕೆಣಕಿ ಕೇಳುವ ಚಾಪಲ್ಯ ಬೇರೆ. ಒಂದು ರಾತ್ರಿ ಟೈರ್ ಅಂಗಡಿಯಲ್ಲಿ ಡೇನಿಯಲ್ ಅವನ ಕತ್ತನ್ನು ಹಿಸುಕಿ ಪ್ರಜ್ಞೆ ತಪ್ಪಿಸಿ, ಯಾರಿಗೂ ಹೇಳಿಕೊಳ್ಳಲಾಗದಂತಹ ಅವಮಾನವನ್ನು ಮಾಡುತ್ತಾನೆ. ಅಲ್ಲಿಯವರೆಗೆ ಡೇನಿಯಲ್‌ನ ಕಡೆಗೇ ವಾಲಿದ್ದ ನೋಟಕನು ಅಲ್ಲಿ ಬೆಚ್ಚಿಬೀಳುತ್ತಾನೆ. ಇಂಥದನ್ನು ಮಾಡಬಲ್ಲವನು ಆಗಲೂ ಮಾಡಿರಬಹುದಲ್ಲವೇ? ಅಥವಾ ಇಂಥದನ್ನು ಮಾಡಲು ಅವನಿಗೆ ಕಲಿಸಿದ್ದು ಆ 19 ವರ್ಷಗಳೇ? ಉತ್ತರ ಸಿಕ್ಕುವುದಿಲ್ಲ. ಅಲ್ಲಿಂದ ಮುಂದೆ ಟೆಡಿಯ ಬದುಕು ಒಳಗಿಂದೊಳಗೇ ಕುಸಿಯುತ್ತ ಹೋಗುತ್ತದೆ. ಮೊದಲ ಕಂತಿನಲ್ಲಿ ಹಳಿಸಿಕೊಂಡವನ ಬಗ್ಗೆ ಕಡೆಯ ಕಂತಿನ ಹೊತ್ತಿಗೆ ಕರುಣೆ ಹುಟ್ಟದೆ ಇರುವುದಿಲ್ಲ. ಕ್ಲೇನ್ ಕ್ರಾಫರ್ಡ್ ಅವರು ನಿರ್ವಹಿಸಿದ ಈ ಪಾತ್ರವೇ ಇಡೀ ಧಾರಾವಾಹಿಯ ಅತ್ಯಂತ ಕಠಿನವಾದ ಸಾಧನೆಯೆಂದರೆ ಅತಿಶಯೋಕ್ತಿಯಾಗದು.

ಕೊಂದವರು ಯಾರು? ಸಾಮಾನ್ಯ ಪತ್ತೇದಾರಿ ಕಥೆಯಾಗಿದ್ದರೆ ಎಲ್ಲ ಕಂತುಗಳೂ ಈ ಪ್ರಶ್ನೆಯ ಬೆನ್ನಟ್ಟಿ ಓಡುತ್ತಿದ್ದವು. ಇಲ್ಲಿಯೂ ಸುಳಿವುಗಳಿವೆ, ಸುಳ್ಳು ಹೇಳಿದ ಹಳೆಯ ಗೆಳೆಯರಿದ್ದಾರೆ, ಅಂದು ಸರಕಾರದ ಪರ ವಾದಿಸಿ ಇಂದು ಸೆನೆಟರ್ ಆಗಿರುವ ರಾಜಕಾರಣಿಯಿದ್ದಾನೆ, ಬರಬರುತ್ತ ಮನಸ್ಸಾಕ್ಷಿ ಚುಚ್ಚುವ ಷೆರಿಫ್ ಇದ್ದಾನೆ. ಆದರೆ ಅವೆಲ್ಲ ದೂರದ ಗುಡುಗಿನಂತೆ. ಕಥೆಯ ನಿಜವಾದ ಪ್ರಶ್ನೆ ಬೇರೆ, ಅದು ಪ್ರತಿಯೊಂದು ಮನೆಗೂ ಸಲ್ಲುವಂಥದು: ಒಬ್ಬನು ಮಾಡಿದನೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯದೆ ಇರುವಾಗ ಅವನನ್ನು ಮನೆಯಲ್ಲಿಟ್ಟುಕೊಂಡು ಪ್ರೀತಿಸುವುದು ಹೇಗೆ? ಅಮಾಂತಾಳಿಗೆ ಅಣ್ಣನ ನಿರಪರಾಧಿತ್ವ ಬೇಕೇ ಬೇಕು. ಅದಿಲ್ಲದೆ ಅವಳ ತ್ಯಾಗಕ್ಕೆ ಅರ್ಥವಿಲ್ಲ. ತಾಯಿ ಆ ಪ್ರಶ್ನೆಯನ್ನು ತನ್ನೊಳಗೂ ಎತ್ತದಂತೆ ಅಡುಗೆಮನೆಯ ಕೆಲಸದಲ್ಲಿ ಅಡಗಿಸಿಟ್ಟಿದ್ದಾಳೆ. ಟಾನಿ ದೇವರ ಮೇಲೆ ಭಾರ ಹಾಕಿ ಅವನನ್ನು ದೀಕ್ಷಾಸ್ನಾನಕ್ಕೆ ಕರೆದೊಯ್ಯುತ್ತಾಳೆ. ಇವೆಲ್ಲಕ್ಕಿಂತ ವಿಚಿತ್ರವೆಂದರೆ, ಆ ರಾತ್ರಿ ನಡೆದದ್ದೇನೆಂಬುದು ಡೇನಿಯಲ್‌ನಿಗೇ ನಿಶ್ಚಯವಿಲ್ಲ. ಒಂಟಿ ಕೋಣೆಯಲ್ಲಿ ನೆನಪನ್ನು ಅಷ್ಟು ಸಲ ತಿರುವಿ ಹಾಕಿದ ಮೇಲೆ ನಡೆದದ್ದಾವುದು, ಕನಸಾವುದು, ಪೋಲೀಸರು ಬಾಯಿಗೆ ತುರುಕಿದ್ದಾವುದು ಎಂದು ಬೇರ್ಪಡಿಸುವ ಶಕ್ತಿ ಅವನಲ್ಲಿ ಉಳಿದಿಲ್ಲ.

ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವವನು ಒಬ್ಬನೇ. ಅವನು ಪಕ್ಕದ ಕೋಣೆಯ ಕೈದಿ ಕರ್ವಿನ್. ಗೋಡೆಯ ಗಾಳಿಕಿಂಡಿಯ ಮೂಲಕ ಇಬ್ಬರೂ ವರ್ಷಗಟ್ಟಲೆ ಮಾತನಾಡಿ ಮಿತ್ರರಾಗಿದ್ದಾರೆ. ಸೆರೆಮನೆಯ ಈ ಹಿನ್ನೋಟಗಳು ಕಥೆಯ ನಡುನಡುವೆ ಬಂದು ಹೋಗುತ್ತವೆ. ಗಲ್ಲಿಗೇರಬೇಕಾದ ಇಬ್ಬರು ಪುಸ್ತಕ, ಬಾಲ್ಯ, ಊಟ ಎಂದು ಹರಟುವುದನ್ನು ಕೇಳುತ್ತಿದ್ದರೆ ಎಲ್ಲಿದ್ದಾರೆಂಬುದೇ ಮರೆತುಹೋಗುತ್ತದೆ. ಕರ್ವಿನ್‌ನ ಸರದಿ ಬರುತ್ತದೆ. ಕಡೆಯ ಬಾರಿ ಅವನನ್ನು ಕರೆದೊಯ್ಯುವಾಗ ಅವನು ಡೇನಿಯಲ್‌ನ ಬಾಗಿಲ ಬಳಿ ನಿಂತು, ನೀನು ಅದನ್ನು ಮಾಡಿಲ್ಲವೆಂದು ನನಗೆ ಗೊತ್ತು ಎನ್ನುತ್ತಾನೆ. ಹೇಗೆ ಗೊತ್ತೆಂಬುದಕ್ಕೆ ಸಾಕ್ಷಿಯಿಲ್ಲ, ಪುರಾವೆಯಿಲ್ಲ. ನಿನ್ನನ್ನು ಬಲ್ಲೆ ಎಂಬುದೊಂದೇ ಅವನು ಕೊಡುವ ಕಾರಣ. ಮೊದಲ ಭಾಗದ ಕಡೆಯಲ್ಲಿ ಬರುವ ಆ ನಿಮಿಷದವರೆಗೆ ತಾಳ್ಮೆಯಿಂದ ನೋಡಿದವರು ಆಮೇಲೆ ಬಿಡಲಾರರು. ಅದಕ್ಕೂ ಮುಂಚೆ ಎದ್ದುಹೋದವರೇ ಹೆಚ್ಚೆಂಬುದು ವಿಷಾದದ ಸಂಗತಿ.

ಇದೆಲ್ಲ ಬರಿಯ ಕಲ್ಪನೆಯೆಂದು ತಿಳಿಯಬಾರದು. ಅಮೆರಿಕದಲ್ಲಿ 1989ರಿಂದೀಚೆಗೆ ಡಿ.ಎನ್.ಎ. ಪರೀಕ್ಷೆಯ ಬಲದಿಂದ ನಿರಪರಾಧಿಗಳನ್ನು ಬಿಡುಗಡೆ ಮಾಡಿಸುವುದು ಸಾಧ್ಯವಾಯಿತು. 1992ರಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ಇಬ್ಬರು ವಕೀಲರು ನ್ಯೂಯಾರ್ಕಿನಲ್ಲಿ 'ಇನೊಸೆನ್ಸ್ ಪ್ರಾಜೆಕ್ಟ್' ಎಂಬ ಸಂಸ್ಥೆಯನ್ನು ಈ ಉದ್ದೇಶಕ್ಕಾಗಿಯೇ ಕಟ್ಟಿದರು. 1973ರಿಂದ ಲೆಕ್ಕ ಹಾಕಿದರೆ ಮರಣದಂಡನೆಗೆ ಗುರಿಯಾಗಿ ಆಮೇಲೆ ದೋಷಮುಕ್ತರಾದವರು ಆ ದೇಶದಲ್ಲಿ ಸುಮಾರು 200 ಮಂದಿ. ಡಿ.ಎನ್.ಎ. ಪರೀಕ್ಷೆಯಿಂದ ಬಿಡುಗಡೆಯಾದವರಲ್ಲಿ ಸುಮಾರು ಕಾಲುಭಾಗದಷ್ಟು ಜನ ಮಾಡದ ತಪ್ಪನ್ನು ಮಾಡಿದೆನೆಂದು ಹೇಳಿಕೆ ಕೊಟ್ಟಿದ್ದವರು. ಮಾಡದವನು ಮಾಡಿದೆನೆಂದೇಕೆ ಹೇಳುತ್ತಾನೆ ಎಂದು ಕೇಳುವವರು ಹದಿನೆಂಟರ ಹುಡುಗನೊಬ್ಬನನ್ನು ನಿದ್ರೆಯಿಲ್ಲದೆ ಗಂಟೆಗಟ್ಟಲೆ ಪ್ರಶ್ನಿಸಿದರೆ ಏನಾಗುತ್ತದೆಂಬುದನ್ನು ಊಹಿಸಿಕೊಳ್ಳಬೇಕು.

ಇನ್ನೊಂದು ನಿದರ್ಶನ ಈ ಕಥೆಗೆ ಮತ್ತೂ ಹತ್ತಿರವಾದದ್ದು. ಆರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ 1993ರಲ್ಲಿ ಮೂವರು ಬಾಲಕರ ಕೊಲೆಯಾಯಿತು. ಮೂವರು ತರುಣರಿಗೆ 1994ರಲ್ಲಿ ಶಿಕ್ಷೆಯಾಯಿತು; ಅವರಲ್ಲೊಬ್ಬನಿಗೆ ಮರಣದಂಡನೆ. 2011ರಲ್ಲಿ, 18 ವರ್ಷ ಸೆರೆಯಲ್ಲಿದ್ದ ಮೇಲೆ, ಮೂವರೂ ಹೊರಬಂದರು. ಆದರೆ ಬಂದದ್ದು ಯಾವ ಷರತ್ತಿನ ಮೇಲೆ? ತಾವು ನಿರಪರಾಧಿಗಳೆಂದು ಹೇಳಿಕೊಳ್ಳುತ್ತಲೇ, ತಮ್ಮನ್ನು ಶಿಕ್ಷಿಸಲು ಸಾಕಷ್ಟು ಸಾಕ್ಷ್ಯ ಸರಕಾರದ ಬಳಿ ಇದೆಯೆಂದು ಒಪ್ಪಿ ದೋಷಿಗಳೆನಿಸಿಕೊಳ್ಳಬೇಕು. ನ್ಯಾಯಶಾಸ್ತ್ರದ ಇಂಥ ಕಸರತ್ತನ್ನು ಕಂಡರೆ ನಮ್ಮ ಹಳೆಯ ಶಾನುಭೋಗರೂ ತಲೆದೂಗಿಯಾರು! ಡೇನಿಯಲ್‌ನ ಮುಂದೆಯೂ ಎರಡನೆಯ ಭಾಗದ ಕೊನೆಯಲ್ಲಿ ಇದಕ್ಕೆ ಹೋಲುವ ಒಂದು ಒಪ್ಪಂದ ಬರುತ್ತದೆ. ಹೊಸ ಮೊಕದ್ದಮೆಯ ಗಂಡಾಂತರ ತಪ್ಪಬೇಕಾದರೆ ಅವನು ಮತ್ತೆ ತಪ್ಪೊಪ್ಪಿಕೊಳ್ಳಬೇಕು. ರಾಜ್ಯವನ್ನು ಬಿಟ್ಟು ಹೋಗಬೇಕು. 19 ವರ್ಷ ಕಾದು ಪಡೆದ ಮನೆಯಲ್ಲಿ ಅವನಿಗೆ ಉಳಿಯುವುದು ಮೂವತ್ತು ದಿನಗಳ ಗಡುವು.

ಸತ್ತ ಹುಡುಗಿಯನ್ನು ಕಥೆ ಮರೆಯುವುದಿಲ್ಲ. ಇಂಥ ಕಥನಗಳಲ್ಲಿ ಅನ್ಯಾಯಕ್ಕೊಳಗಾದ ಆರೋಪಿಯ ಮೇಲೆ ಬೆಳಕು ಬಿದ್ದಷ್ಟೂ ಹತಳಾದವಳು ಕತ್ತಲೆಗೆ ಸರಿಯುವುದುಂಟು. ಇಲ್ಲಿ ಹಾನಾಳ ತಾಯಿ ಇದ್ದಾಳೆ, ಸೋದರನಿದ್ದಾನೆ. ಇಷ್ಟು ವರ್ಷ ಅವರು ಯಾರನ್ನು ದ್ವೇಷಿಸಿ ಬದುಕಿದರೋ ಅವನು ಊರಿನ ಬೀದಿಯಲ್ಲಿ ನಡೆದಾಡುವುದನ್ನು ಈಗ ನೋಡಬೇಕಾಗಿದೆ. ಅವನಲ್ಲವೆಂದಾದರೆ ಅವರ ದ್ವೇಷಕ್ಕೂ ನೆಲೆ ತಪ್ಪುತ್ತದೆ. ಮುಖ ಮುಚ್ಚಿಕೊಂಡ ಗುಂಪೊಂದು ಸ್ಮಶಾನದಲ್ಲಿ ಡೇನಿಯಲ್‌ನನ್ನು ಸಾಯಬಡಿಯುವ ದೃಶ್ಯದ ಹಿಂದಿರುವ ಕೈ ಆ ಸೋದರನದು. ಆ ಕೈಯನ್ನು ಕೂಡ ರಾಕ್ಷಸನ ಕೈಯೆಂದು ಚಿತ್ರಿಸದೆ ಇದ್ದುದು ಬರೆದವರ ದೊಡ್ಡಸ್ತಿಕೆ.

ದೋಷಗಳಿಲ್ಲವೆಂದಲ್ಲ. ಸೆನೆಟರ್‌ನ ಪಾತ್ರ ಒಂದೇ ಬಣ್ಣದ್ದು. ಡೇನಿಯಲ್ ಕೆಲವೊಮ್ಮೆ ಪುಸ್ತಕದ ಭಾಷೆಯನ್ನು ಅತಿಯಾಗಿ ಆಡುತ್ತಾನೆ. ಸೆರೆಯಲ್ಲಿ ಓದಿ ಓದಿ ಹಾಗಾದನೆಂದು ಸಮಾಧಾನ ಹೇಳಿಕೊಳ್ಳಬಹುದಾದರೂ ಒಂದೆರಡು ಕಡೆ ಪಾತ್ರ ಮರೆಯಾಗಿ ಬರಹಗಾರ ಕಾಣಿಸಿಕೊಳ್ಳುತ್ತಾನೆ. ಎರಡನೆಯ ಭಾಗದ ನಡುವೆ ಕಥೆ ನಿಂತ ನೀರಾಗುತ್ತದೆ. ಸೆರೆಮನೆಯ ಕ್ರೌರ್ಯವನ್ನೂ ಬೈಗುಳನ್ನೂ ಬಚ್ಚಿಟ್ಟಿಲ್ಲವಾದ್ದರಿಂದ ಮಕ್ಕಳನ್ನು ಮಲಗಿಸಿದ ಮೇಲೆ ಹಿರಿಯರು ನೋಡಬೇಕಾದ ಚಿತ್ರವಿದು. ದಕ್ಷಿಣದ ಉಚ್ಚಾರ ಕಿವಿಗೆ ಹಿಡಿಯದಿದ್ದರೆ ಕೆಳಗೆ ಅಕ್ಷರಗಳು ಮೂಡುವಂತೆ ಮಾಡಿಕೊಂಡರೆ ಅನುಕೂಲ.

ಹಾಗಾದರೆ ಜನ ನೋಡದೆ ಹೋದದ್ದೇಕೆ? ಕಾಲದ ದೋಷವೂ ಸ್ವಲ್ಪ ಇರಬೇಕು. ಅದೇ 2013ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಸಂಸ್ಥೆಯು 'ಹೌಸ್ ಆಫ್ ಕಾರ್ಡ್ಸ್' ಧಾರಾವಾಹಿಯ ಹದಿಮೂರು ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ಶನಿವಾರ ಕುಳಿತು ಭಾನುವಾರ ಏಳುವ ಹೊಸ ಚಟ ಅಲ್ಲಿಂದ ಬಲಿಯಿತು. ಒಂದು ಕಂತಿನ ಕೊನೆಯ ಅಕ್ಷರ ಮರೆಯಾಗುವ ಮುನ್ನವೇ ಮುಂದಿನದು ತಾನಾಗಿ ಓಡತೊಡಗುವ ಯಂತ್ರಕ್ಕೆ ತಕ್ಕಂತೆ ಕಥೆಗಳೂ ಓಡತೊಡಗಿದವು. 'ರೆಕ್ಟಿಫೈ' ಓಡುವುದಿಲ್ಲ, ಓಡಿಸಿದರೆ ಸಾಯುತ್ತದೆ. ವಾರಕ್ಕೊಂದು ಕಂತಿನಂತೆ ನೋಡಿ, ಮುಂದಿನ ವಾರದವರೆಗೆ ಮನೆಯವರು ಊಟದ ಹೊತ್ತಿನಲ್ಲಿ ಅವನು ಮಾಡಿದನೋ ಇಲ್ಲವೋ ಎಂದು ಚರ್ಚಿಸುವುದು ಇದಕ್ಕೆ ಸರಿಯಾದ ಕ್ರಮ. ಧಾರಾವಾಹಿ ಕಾದಂಬರಿಯ ಮುಂದಿನ ಕಂತಿಗಾಗಿ ಗುರುವಾರದ ಅಂಚೆಯವನನ್ನು ಕಾಯುತ್ತಿದ್ದವರ ಮನೆಗಳಲ್ಲಿ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೊಮ್ಮಗಳು 'ಅವನದೇ ತಪ್ಪು' ಎನ್ನುವುದು, ಅಜ್ಜಿ 'ತಾಯಿಯ ಮುಖ ನೋಡಿದರೆ ಹಾಗನ್ನಿಸುವುದಿಲ್ಲ' ಎನ್ನುವುದು, ಆ ವಾದ ಮೂರು ವಾರ ನಡೆದು ನಾಲ್ಕನೆಯ ವಾರ ಇಬ್ಬರೂ ಪಕ್ಷ ಬದಲಾಯಿಸುವುದು, ಇವೆಲ್ಲ ಈ ಕಥೆಯಲ್ಲಿ ಸಾಧ್ಯ. ವೇದಿಕೆಗಳ ಪಟ್ಟಿ ಆಗಾಗ ಬದಲಾಗುತ್ತಿರುವುದರಿಂದ ಎಲ್ಲಿ ದೊರೆಯುತ್ತದೆಂಬುದನ್ನು ಮನೆಯ ಕಿರಿಯರಿಂದ ಹುಡುಕಿಸಿಕೊಳ್ಳುವುದು ಲೇಸು.

ನಾಲ್ಕನೆಯ ಭಾಗ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ನಡೆಯುತ್ತದೆ. ಸೆರೆಯಿಂದ ಬಂದವರೇ ಕೂಡಿ ಬಾಳುವ ಒಂದು ಮನೆ, ಉಗ್ರಾಣವೊಂದರಲ್ಲಿ ಕೂಲಿ, ಕ್ಲೋಯಿ ಎಂಬ ಗರ್ಭಿಣಿ ಚಿತ್ರಗಾರ್ತಿಯ ಸ್ನೇಹ. ಅಲ್ಲಿಯ ಹಿರಿಯನೊಬ್ಬನ ಮುಂದೆ ಡೇನಿಯಲ್ ಮೊದಲ ಬಾರಿಗೆ ತನ್ನ ಒಳಗನ್ನು ಬಿಚ್ಚಿ ಹೇಳುವ ನಿಮಿಷಗಳಿಗೆ ಸಮನಾದದ್ದು ಈ ಕಾಲದ ಚಿತ್ರಗಳಲ್ಲಿ ವಿರಳ. ಮುಂದೇನಾಯಿತೆಂಬುದನ್ನು ಇಲ್ಲಿ ಹೇಳುವುದು ನೋಡುವವರಿಗೆ ಅನ್ಯಾಯವಾದೀತು.

ಆದರೆ ಅದಕ್ಕೂ ಮೊದಲು, ಮೂರನೆಯ ಭಾಗದ ಕೊನೆಯಲ್ಲಿ, ಗಡುವು ಮುಗಿದು ಅವನು ಊರು ಬಿಡುವಾಗ, ತಾಯಿ ಅವನ ಜೊತೆಗೆ ಹೊರಡುತ್ತಾಳೆ. ತಾಯಿ ಮಗ ಇಬ್ಬರೇ ಸಮುದ್ರವನ್ನು ನೋಡಲು ಹೋಗುತ್ತಾರೆ. ಕೊಲೆಯ ಮಾತಿಲ್ಲ, ವಕೀಲರ ಮಾತಿಲ್ಲ. 19 ವರ್ಷ ಕೇಳಬೇಕೆಂದಿದ್ದುದನ್ನು ಈಗಲಾದರೂ ಅವಳು ಕೇಳಿಬಿಡುವಳೆಂದು ನೋಟಕರು ಕಾಯುತ್ತಾರೆ. ಎದುರಿಗೆ ಅಲೆಗಳು ಬಂದು ಬಂದು ಹೋಗುತ್ತಿರುತ್ತವೆ. ಅವಳು ಮಗನನ್ನು ನೋಡುತ್ತಿರುತ್ತಾಳೆ.